ಜೀಪಿನ ಹಿಂದಿನ ಡಿಫರೆನ್ಷಿಯಲ್ ಆಯಿಲ್: ಒಂದು ಪೈಪು, ಒಂದು ಡ್ರಿಪ್ ವಾಲ್ವ್

ಮೂಡಿಗೆರೆ ಕಡೆ ತೋಟದ ಜೀಪು ಇಟ್ಟವರಲ್ಲಿ ಎಂಜಿನ್ ಆಯಿಲ್ ತಾವೇ ಬದಲಾಯಿಸುವವರು ಬೇಕಾದಷ್ಟು ಜನ ಇದ್ದಾರೆ. ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎರಡೂ ಬದಿಯ ಚಕ್ರಗಳಿಗೆ ಹಂಚುವ ಗೇರ್ ಜೋಡಣೆ) ಅಂದ ಕೂಡಲೇ "ಮುಂದಿನ ಸರ್ವಿಸಿಗೆ ನೋಡೋಣ" ಅಂತಾರೆ. ಅದಕ್ಕೆ ಕಾರಣ ಇದೆ. ಹಳೇ ಆಯಿಲ್ ತಾನಾಗಿ ಇಳಿಯುತ್ತದೆ, ಹೊಸದು ತುಂಬೋದೇ ರಗಳೆ. ತುಂಬುವ ತೂತು ಡಿಫರೆನ್ಷಿಯಲ್ಲಿನ ಹೊರಗೂಡು, ಅಂದರೆ ಹೌಸಿಂಗ್‌ನ ಬದಿಯಲ್ಲಿರುತ್ತದೆ, ಅದರ ಮೇಲೆ ಬಾಡಿ. ಬಾಟಲಿ ಬಗ್ಗಿಸಲು ಜಾಗವೇ ಇಲ್ಲ. ಅರ್ಧ ಆಯಿಲ್ ತೋಳಿನ ಮೇಲೆ ಸುರಿಯುತ್ತದೆ.

ನಾನು ಮಾಡಿಕೊಂಡ ಉಪಾಯ ತುಂಬಾ ಸರಳ. ಎರಡು ಲೀಟರಿನ ತಂಪುಪಾನೀಯದ ಬಾಟಲಿಯ ತಳ ಕತ್ತರಿಸಿದೆ. ಅದರ ಬಾಯಿಗೆ ಗಾರೆಯವರು ಲೆವೆಲ್ ನೋಡುವ ಪಾರದರ್ಶಕ ಪೈಪು ಸಿಕ್ಕಿಸಿ ಕ್ಲಿಪ್ ಬಿಗಿದೆ. ನಡುವೆ ಡ್ರಿಪ್ ಸಾಮಾನಿನ ಅಂಗಡಿಯ ಚಿಕ್ಕ ವಾಲ್ವ್. ಬಾಟಲಿಯನ್ನು ತಲೆಕೆಳಗಾಗಿ ಜೀಪಿನ ಹಿಂಬದಿಯಲ್ಲಿ ಎತ್ತರಕ್ಕೆ ಕಟ್ಟಿ, ಪೈಪಿನ ತುದಿ ತೂತಿಗೆ ಇಟ್ಟರೆ ಆಯಿತು. ಪೈಪು ತೂತಿಗಿಂತ ಸ್ವಲ್ಪ ಸಣ್ಣದಿರಲಿ, ಒಳಗಿನ ಗಾಳಿ ಹೊರಬರಬೇಕಲ್ವಾ? ಆಯಿಲ್ ಎಲ್ಲಿಗೆ ಬಂತು ಅಂತ ಪೈಪಿನಲ್ಲೇ ಕಾಣುತ್ತದೆ. ತೂತಿನಿಂದ ಹೊರಗೆ ಒಸರಲು ಶುರುವಾದರೆ ಲೆವೆಲ್ ಬಂತು ಅಂತ ಅರ್ಥ, ವಾಲ್ವ್ ಮುಚ್ಚಿದರಾಯಿತು.

ಗೇರ್ ಆಯಿಲ್ ಮಂದ, ಚಳಿಗೆ ಇನ್ನೂ ಜಾಸ್ತಿ. ಬೆಳಿಗ್ಗೆ ಡಬ್ಬಿಯನ್ನು ಬಿಸಿಲಿಗಿಟ್ಟು ಮಧ್ಯಾಹ್ನ ಕೆಲಸಕ್ಕೆ ಕೂರುತ್ತೇನೆ. ಹಳೇ ಆಯಿಲ್ ಕೂಡ ಬೆಚ್ಚಗಿದ್ದರೆ ಪೂರ್ತಿ ಇಳಿಯುತ್ತದೆ. ಹ್ಯಾಂಡ್‌ಪೋಸ್ಟ್‌ವರೆಗೆ ಒಂದು ಸುತ್ತು ಹೋಗಿ ಬಂದರೆ ಸಾಕು.

ಜಾಗ ಅಂದರೆ ಕಾಫಿ ಕಣ. ನಮ್ಮ ಗುಡ್ಡದಲ್ಲಿ ಜೀಪು ನೆಟ್ಟಗೆ ನಿಲ್ಲುವ ನೆಲ ಅದೊಂದೇ. ಜೀಪು ವಾಲಿದ್ದರೆ ಲೆವೆಲ್ ಸುಳ್ಳು ಹೇಳುತ್ತದೆ. ಮಳೆ ಮುಗಿದು ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಕಣ ಖಾಲಿ ಇರುತ್ತದೆ, ಆಯಿಲ್ ನೋಡಲೂ ಅದೇ ಸರಿಯಾದ ಕಾಲ. ಮಳೆಗಾಲದಲ್ಲಿ ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ (ಹೌಸಿಂಗಿಗೆ ಗಾಳಿಯಾಡುವ ಚಿಕ್ಕ ಕಿಂಡಿ) ಸವೆದ ಸೀಲಿನಿಂದಲೋ ನೀರು ಎಳೆದುಕೊಳ್ಳುತ್ತದೆ. ಇಳಿದ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ ಅಂತಲೇ ಲೆಕ್ಕ. ಬ್ರೀದರಿಗೆ ರಬ್ಬರ್ ಪೈಪು ಜೋಡಿಸಿ ತುದಿಯನ್ನು ಬಾಡಿಯ ಎತ್ತರಕ್ಕೆ ಕಟ್ಟಿದ ಮೇಲೆ ನನಗೆ ಆ ಬಣ್ಣ ಕಂಡಿಲ್ಲ.

ಬಿಚ್ಚುವಾಗ ಒಂದು ಕ್ರಮ ಮಾತ್ರ ತಪ್ಪಬಾರದು. ಮೊದಲು ಮೇಲಿನ, ಅಂದರೆ ತುಂಬುವ ತೂತಿನ ಪ್ಲಗ್, ಆಮೇಲೆ ಆಯಿಲ್ ಇಳಿಸುವ ಕೆಳಗಿನದು. ಕೆಳಗಿನದು ಬಿಚ್ಚಿ ಆಯಿಲ್ ಇಳಿದ ಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಜೀಪು ಕಣದಲ್ಲೇ ಉಳಿಯುತ್ತದೆ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟರೆ ಒಳ್ಳೆಯದು. ಸುತ್ತಲಿನ ಕೆಸರನ್ನು ವೈರ್ ಬ್ರಷ್‌ನಲ್ಲಿ ಉಜ್ಜಿಯೇ ಪಾನಾ ಹಾಕಬೇಕು, ಇಲ್ಲದಿದ್ದರೆ ಆ ಮಣ್ಣೆಲ್ಲ ಒಳಗೆ. ಕೆಲವು ಹೌಸಿಂಗಿಗೆ ಕೆಳಗಿನ ಪ್ಲಗ್ಗೇ ಇರುವುದಿಲ್ಲ. ಅಂಥದಕ್ಕೆ ಹಿಂದಿನ ಕವರ್ ಸಡಿಲಿಸಿ ಇಳಿಸಬೇಕು, ಕೂರಿಸುವಾಗ ಪ್ಯಾಕಿಂಗ್ ಹೊಸದು.

ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಕಪ್ಪು ಪೇಸ್ಟ್‌ನಂಥ ಪುಡಿ ಇದ್ದರೆ ಹೆದರಬೇಡಿ, ಅದು ಸಹಜ ಸವೆತ. ಕಬ್ಬಿಣದ ಚೂರು ಸಿಕ್ಕರೆ ಹೊಸ ಆಯಿಲ್ ಹಾಕಿ ಸುಮ್ನೆ ಕೂರಬೇಡಿ, ಮೆಕ್ಯಾನಿಕ್‌ಗೆ ತೋರಿಸಿ.

ನಾನು ಹಾಕೋದು ಜಿಎಲ್-5 ದರ್ಜೆಯ 80ಡಬ್ಲ್ಯು-90. ಜಿಎಲ್ ಅಂದರೆ ಗೇರ್ ಆಯಿಲ್ ಎಷ್ಟು ಒತ್ತಡ ತಾಳುತ್ತದೆ ಅನ್ನೋ ದರ್ಜೆ, 80ಡಬ್ಲ್ಯು-90 ಅದರ ಮಂದತನ. ಡಿಫರೆನ್ಷಿಯಲ್ ಒಳಗಿನ ದೊಡ್ಡ-ಚಿಕ್ಕ ಗೇರ್ ಜೋಡಿಯ, ಅಂದರೆ ಕ್ರೌನ್ ಪಿನಿಯನ್ ಹಲ್ಲುಗಳು ಉರುಳುವುದರ ಜೊತೆ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡಕ್ಕೆ ಗೇರ್‌ಬಾಕ್ಸಿನ ಜಿಎಲ್-4 ಸಾಲದು. ನಿಮ್ಮ ಗಾಡಿಗೆ ಎಷ್ಟು, ಯಾವುದು ಅಂತ ಮ್ಯಾನ್ಯುಯಲ್ ನೋಡಿ. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ನೆ ಸುತ್ತದಂತೆ ತಡೆಯುವ ಡಿಫರೆನ್ಷಿಯಲ್) ಇದ್ದರೆ ಅದಕ್ಕೆ ಹೇಳಿದ ಆಯಿಲ್ಲೇ ಬೇಕು.

ಹಳೇದನ್ನು ಡಬ್ಬಿಗೆ ತುಂಬಿ ಗ್ಯಾರೇಜಿನ ಡ್ರಮ್ಮಿಗೆ ಕೊಡುತ್ತೇನೆ. ಒಂದು ಸುತ್ತು ಓಡಿಸಿ ಬಂದು ಪ್ಲಗ್ ಸುತ್ತ ಬೆರಳಾಡಿಸಿ ನೋಡುತ್ತೇನೆ, ಒಣಗಿದ್ದರೆ ಮುಗಿಯಿತು. ಫೋರ್ ವೀಲ್ ಗಾಡಿಗೆ ಮುಂದೂ ಒಂದು ಡಿಫರೆನ್ಷಿಯಲ್ ಇದೆಯಲ್ಲ, ಅದಕ್ಕೂ ಇದೇ ಬಾಟಲಿಯನ್ನು ಬಾನೆಟ್ ಹತ್ತಿರ ಕಟ್ಟಿಕೊಳ್ಳುತ್ತೇನೆ.