ಯಾವ ಮಣ್ಣಿಗೆ ‘ಮೆಕ್ಕಲು’ ಅನ್ನಬೇಕು?

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಜರಿದಾಗ ಎಷ್ಟೋ ಗದ್ದೆಗಳ ಮೇಲೆ ಕೆಸರು ಬಂದು ಕೂತಿತು. ಅದನ್ನು ‘ಮೆಕ್ಕಲು ಮಣ್ಣು’ ಅಂತ ಕರೆದವರನ್ನು ನಾನೇ ನೋಡಿದ್ದೇನೆ. ಮೆಕ್ಕಲು ಅಂದರೆ ಫಲವತ್ತಾದದ್ದು, ಮುಂದಿನ ಸಲ ಭತ್ತ ಚೆನ್ನಾಗಿ ಬರುತ್ತದೆ ಅನ್ನುವ ಆಸೆ ಅವರಿಗೆ. ಕೇಳಿ ಹೊಟ್ಟೆ ಉರಿಯಿತು, ಯಾಕಂದರೆ ಅದರಲ್ಲಿ ಜಾಸ್ತಿ ಇದ್ದದ್ದು ಬೆಟ್ಟದ ಒಳಗಿನ ಸತ್ತ ಮಣ್ಣು.

ಮೆಕ್ಕಲು ಅಂದರೆ ಹರಿಯುವ ನೀರು ಹೊತ್ತು ತಂದು, ವೇಗ ಕಡಿಮೆಯಾದ ಕಡೆ ಇಳಿಸಿ ಹೋದದ್ದು. ಅಷ್ಟೇ. ಅದು ಮರಳೂ ಆಗಬಹುದು, ನುಣುಪು ಜೇಡಿಯೂ ಆಗಬಹುದು. ಮಣ್ಣಿನ ಬಣ್ಣವೋ ಸಾರವೋ ಈ ಪದಕ್ಕೆ ಮುಖ್ಯ ಅಲ್ಲ, ಅದು ಹೇಗೆ ಬಂತು ಅನ್ನುವುದೇ ಮುಖ್ಯ. ತನ್ನ ಭಾರಕ್ಕೆ ತಾನೇ ಜಾರಿ ಬಿದ್ದದ್ದು ಮೆಕ್ಕಲು ಅಲ್ಲ, ಅದನ್ನು ಜರಿದ ಮಣ್ಣು ಅಂತಲೇ ಹೇಳಿ. ನಮ್ಮ ಬಾಣೆಯ (ಗದ್ದೆಯ ಮೇಲಿನ ಗುಡ್ಡದ ಜಾಗದ) ಕೆಂಪು ಮಣ್ಣೂ ಅಲ್ಲ, ಅದು ಅಲ್ಲಿಯದೇ ಕಲ್ಲು ಸವೆದು ಆದದ್ದು.

ಅನುಮಾನ ಇದ್ದರೆ ಒಂದು ಗುದ್ದಲಿ ತಗೊಂಡು ಮೊಣಕಾಲುದ್ದ ಗುಂಡಿ ತೋಡಿ, ಅದರ ಗೋಡೆಯನ್ನು ನೋಡಿ. ನೀರು ಜೋರಾಗಿ ಹರಿಯುವಾಗ ದಪ್ಪ ಮರಳನ್ನು ಬಿಡುತ್ತದೆ, ನಿಧಾನವಾದಾಗ ನುಣುಪು ಮಣ್ಣನ್ನು ಬಿಡುತ್ತದೆ, ಹೀಗೆ ಪ್ರವಾಹಕ್ಕೊಂದು ಪದರ ಕೂತಿರುತ್ತದೆ. ಕಲ್ಲುಗಳನ್ನೂ ಕೈಗೆ ತಗೊಳ್ಳಿ. ನದಿಯಲ್ಲಿ ದೂರ ಉರುಳಿ ಬಂದ ಕಲ್ಲು ಉರುಟಾಗಿರುತ್ತದೆ. ಜರಿದದ್ದರಲ್ಲಿ ಪದರವೇ ಕಾಣುವುದಿಲ್ಲ, ಬಂಡೆ, ಬೇರು, ಮಣ್ಣು ಎಲ್ಲ ಕಲಸಿಹೋಗಿರುತ್ತದೆ, ಕಲ್ಲಿನ ಅಂಚು ಕೈಗೆ ಚುಚ್ಚುತ್ತದೆ.

ಕಷ್ಟ ಇರುವುದು ನಡುವಿನದ್ದರಲ್ಲಿ. ಬೆಟ್ಟ ಜರಿದು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಬಿತ್ತು, ತೋಡು ಅದನ್ನು ಕೆಳಗಿನ ಗದ್ದೆವರೆಗೆ ಎಳೆದು ತಂದು ಹರಡಿತು ಅಂದುಕೊಳ್ಳಿ. ಆಗ ಕೆಳಗೆ ಹರಡಿದ್ದಕ್ಕೆ ಮೆಕ್ಕಲು ಅನ್ನಬಹುದು, ಬೆಟ್ಟದ ಬುಡದಲ್ಲೇ ಉಳಿದ ರಾಶಿಗೆ ಬೇಡ. ಆದರೆ ಮೆಕ್ಕಲು ಅಂದ ಮಾತ್ರಕ್ಕೆ ಗೊಬ್ಬರ ಹಾಕುವುದನ್ನು ಬಿಡಬೇಡಿ, ಮಣ್ಣು ಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ. ಮೆಕ್ಕಲು ಬಯಲುಗಳು ಫಲವತ್ತು ಅನ್ನುವ ಹೆಸರು ಬಂದದ್ದು ಸುಮ್ನೆ ಅಲ್ಲ ನಿಜ, ಆದರೆ ಅದರ ಹಿಂದೆ ಸಾವಿರಾರು ವರ್ಷಗಳ ಪ್ರವಾಹ ಇದೆ. ಇದೇ ಕಾವೇರಿ ತಂಜಾವೂರಿನ ಕಡೆ ಇಳಿಸಿದ ಮಣ್ಣು ಹಾಗೆ ಕೂಡಿದ್ದು, ಒಂದು ಮಳೆಗಾಲದ್ದಲ್ಲ.

ಬಳಸುವುದು ಸುಲಭ. ಹೆಸರಿಗಿಂತ ಮೊದಲು ಹಾಗೇ ಇಟ್ಟರೆ ಸಾಕು: ಮೆಕ್ಕಲು ಮಣ್ಣು, ಮೆಕ್ಕಲು ಬಯಲು, ಮೆಕ್ಕಲು ದಿಬ್ಬ. ಸಿದ್ದಾಪುರದ ಹತ್ತಿರ ಕರಡಿಗೋಡಿನಲ್ಲಿ ಹೊಳೆ ಉಕ್ಕಿ ಇಳಿದ ಮೇಲೆ ದಂಡೆಯಲ್ಲಿ ಉಳಿಯುವ ನುಣುಪು ಪದರಕ್ಕೆ ಈ ಪದ ಸರಿಯಾಗಿ ಹೊಂದುತ್ತದೆ. ಹಾರಂಗಿ ಜಲಾಶಯದ ತಳದಲ್ಲಿ ಕೂತದ್ದಕ್ಕೆ ನಮ್ಮಲ್ಲಿ ಬೇರೆಯೇ ಪದ ಇದೆ ಅಲ್ವಾ, ಹೂಳು. ಅದನ್ನೇ ಬಳಸಿ.