ತೂತು ಬಿದ್ದ ಸಾಲಿಡಸ್‌ಗಳಿಂದಲೇ ಸಾಲು ಕೂಡಿಸಿದೆ

ಆರ್ಕೇಡಿಯಸ್, ಎರಡನೇ ಥಿಯೋಡೋಸಿಯಸ್, ಮಾರ್ಸಿಯನ್, ಲಿಯೋ, ಝೀನೋ, ಬಾಸಿಲಿಸ್ಕಸ್, ಅನಸ್ತಾಸಿಯಸ್. 395ರಿಂದ 518ರವರೆಗೆ ಪೂರ್ವ ರೋಮನ್ ಸಾಮ್ರಾಜ್ಯ ಆಳಿದ ಚಕ್ರವರ್ತಿಗಳು ಇವರು. ತಲೆಗೊಂದು ಸಾಲಿಡಸ್‌ನಂತೆ, ಅಂದರೆ ಆ ಕಾಲದ ಬಂಗಾರದ ನಾಣ್ಯದಂತೆ, ಇಡೀ ಸಾಲು ಕೊನೆಗೂ ನನ್ನ ಪೆಟ್ಟಿಗೆಗೆ ಬಂತು. (474ರಲ್ಲಿ ಕೆಲವೇ ತಿಂಗಳು ಪಟ್ಟದಲ್ಲಿದ್ದ ಹುಡುಗ ಎರಡನೇ ಲಿಯೋನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಅವನ ಬೆಲೆ ನನ್ನಂಥವರಿಗಲ್ಲ.) ಏಳರಲ್ಲಿ ಆರು ಪೆಟ್ಟು ತಿಂದವು: ತೂತು, ಗೀರು, ಸೊಟ್ಟ ಅಂಚು. ಇಲ್ಲಿ ಲಂಡನ್ನಿನ ನಾಣ್ಯದ ಗೆಳೆಯರೊಬ್ಬರು ಮೊದಲೇ ಹೇಳಿದ್ದರು, ಇದು ಸಂಗ್ರಹ ಅಲ್ಲ, ಗುಜರಿ ಅಂತ.

2014ರಲ್ಲಿ ನಾನೂ ಎಲ್ಲರಂತೆ ಅಂದದ ಥಿಯೋಡೋಸಿಯಸ್ ಒಂದನ್ನೇ ಹಿಡಿದೆ. ಕೂಗಿದ್ದು 550 ಪೌಂಡ್; ಹರಾಜಿನವರ ಕಮಿಷನ್, ಅಂಚೆ ಎಲ್ಲ ಸೇರಿ 700ರ ಹತ್ತಿರ ಹೋಯಿತು. ಅದರೊಳಗಿನ ಬಂಗಾರ ಆಗ 110 ಪೌಂಡೂ ಬಾಳುತ್ತಿರಲಿಲ್ಲ. ಅದೇ ಹರಾಜಿನಲ್ಲಿ ತೂತಿನ ಆರ್ಕೇಡಿಯಸ್ 200ರ ಆಸುಪಾಸಿಗೆ ಹೋಯಿತು. ಮುಖ ಅಷ್ಟೇ ಚೆನ್ನಾಗಿತ್ತು. ಆವತ್ತೇ ದಾರಿ ಬದಲಿಸಿದೆ.

ಮೊದಲ ಏಟು ಝೀನೋದಲ್ಲೇ ಬಿತ್ತು. 'ಅಖಂಡ' ಎಂದು ಮಾರಿದರು, 380 ಕೊಟ್ಟೆ. ಫೋಟೋ ಕಳಿಸಿದರೆ ಊರಿನ ಪತ್ತಾರ್ ಕಾಕಾ ಒಂದೇ ಮಾತು ಹೇಳಿದರು: "ತಮ್ಮಾ, ಕಿರೀಟದ ಮ್ಯಾಲೆ ಬಣ್ಣ ಬ್ಯಾರೆ ಐತಿ ನೋಡು, ಬೆಸುಗಿ ಹಾಕಿ ಮುಚ್ಯಾರ." ನೀರಿನಲ್ಲಿ ತೂಗಿ ಸಾಂದ್ರತೆ ನೋಡೋಣವೆಂದರೆ (ಅಪ್ಪಟ ಬಂಗಾರದ್ದು 19ರ ಮೇಲೆ, ಬೆಸುಗೆ ಬೆರೆತರೆ ಇಳಿಯುತ್ತದೆ) ನನ್ನ ತಕ್ಕಡಿ 0.01 ಗ್ರಾಮಿನದು. ನಾಲ್ಕೂವರೆ ಗ್ರಾಮಿನ ನಾಣ್ಯ ನೀರಿನಲ್ಲಿ ಕಳೆದುಕೊಳ್ಳುವುದೇ 0.23 ಗ್ರಾಂ, ಹಾಗಾಗಿ ಸಾಂದ್ರತೆ ಒಮ್ಮೆ 18, ಇನ್ನೊಮ್ಮೆ 20 ಬಂತು. ಮೂರು ಭಾನುವಾರ ಅಡುಗೆಮನೆಯ ಕಟ್ಟೆ ಹಿಡಿದು ಕೂತೆ, ಮನೆಯವಳಿಂದ ಬೈಸಿಕೊಂಡೆ. ಕೊನೆಗೆ 0.001ರ ತಕ್ಕಡಿ ಕೊಂಡು, ಗುಳ್ಳೆ ಅಂಟದಂತೆ ನೀರಿಗೆ ಒಂದು ಹನಿ ಸೋಪು ಬಿಟ್ಟ ಮೇಲೆ ಅಂಕಿ ನಿಂತಿತು. ಥಿಯೋಡೋಸಿಯಸ್ 19ರ ಮೇಲೆ, ಝೀನೋ 18.4. ದುಡ್ಡು ವಾಪಸ್ ಬರಲಿಲ್ಲ. ಅಂದಮೇಲೆ ಮುಚ್ಚಿದ ತೂತಿಗಿಂತ ತೆರೆದ ತೂತೇ ವಾಸಿ. ಆದರೆ ಒಳ್ಳೇ ಬಂಗಾರದಲ್ಲೇ ಹೊಡೆದ ನಕಲಿಯನ್ನು ನೀರು ಹಿಡಿಯಲ್ಲ. ಅದಕ್ಕೆ ಅಂಚು, ಅಚ್ಚು ಎರಡನ್ನೂ ಅಸಲಿ ನಾಣ್ಯದ ಜೊತೆ ಹೋಲಿಸಿ ನೋಡಬೇಕು.

ತಲೆಯ ಮೇಲೆ ಜೋಡಿ ತೂತು ಇದ್ದರೆ ಮಾತ್ರ ಕೈ ಹಿಂದೆ. ದಕ್ಷಿಣ ಭಾರತದಲ್ಲಿ ಸಿಕ್ಕವುಗಳಲ್ಲಿ ಇಂಥವು ಎಷ್ಟೋ, ಕೊರಳಿಗೆ ಕಟ್ಟಿಕೊಂಡವು. ನಮ್ಮ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲೂ ಈ ಕಾಲದ ರೋಮನ್ ಬಂಗಾರದ ನಿಧಿ ಸಿಕ್ಕಿತ್ತು. ಕಾನೂನಿನ ಪ್ರಕಾರವೇ ದೇಶ ಬಿಟ್ಟದ್ದಕ್ಕೆ ಕಾಗದ ತೋರಿಸಿದರೆ ಸರಿ, ಇಲ್ಲದಿದ್ದರೆ ಬೇಡ. ಇದರಿಂದ ಅಗ್ಗದ ಮಾರ್ಸಿಯನ್ ಒಂದು ಕೈತಪ್ಪಿತು. ಬೇರೆಯದಕ್ಕೆ ಎರಡು ವರ್ಷ ಕಾದೆ.

ಬಾಸಿಲಿಸ್ಕಸ್ ಆಳಿದ್ದು 475-476, ಸುಮಾರು ಇಪ್ಪತ್ತು ತಿಂಗಳಷ್ಟೇ. ಚೆನ್ನಾಗಿರೋದು ನನ್ನ ಒಂದು ತಿಂಗಳ ಸಂಬಳ ತಿನ್ನುತ್ತದೆ. 2019ರಲ್ಲಿ ಗೀರಿ ಹಾಳಾದ 'ಝೀನೋ' ಒಂದು ಹರಾಜಿಗೆ ಬಂತು. ಅದೇ ಶಿರಸ್ತ್ರಾಣ, ಅದೇ ಭರ್ಜಿ, ಹಿಂದೆ ಅದೇ ಉದ್ದ ಶಿಲುಬೆಯ ವಿಜಯದೇವತೆ. ಹೆಸರು ಮುಕ್ಕಾಲು ಅಳಿಸಿತ್ತು, ಉಳಿದ ನಾಲ್ಕು ಅಕ್ಷರ ಝೀನೋ ಹೆಸರಿನವಲ್ಲ, ಬಾಸಿಲಿಸ್ಕಸ್‌ನವು. ಉಸಿರು ಬಿಗಿಹಿಡಿದು ಕೂಗಿದೆ. ಝೀನೋನ ಬೆಲೆಗೇ ಬಂತು, 260.

ಗುಜರಿ ಎಂದಿದ್ದ ಗೆಳೆಯರು ಇಂಥವನ್ನು ಯಾವ ಪದ ಹಾಕಿ ಹುಡುಕುತ್ತೀಯ ಎಂದು ಈಗ ಎರಡು ಸಲ ಕೇಳಿದ್ದಾರೆ. ಟೀ ಕುಡಿಸಿ ಕಳಿಸಿದ್ದೇನೆ.