ಮಳೆಗಾಲಕ್ಕೆ ಮುಂಚೆ ಏರ್ ಫಿಲ್ಟರ್ ತೆರೆದು ನೋಡಿ
ಶಿರಸಿ, ಸಿದ್ದಾಪುರದ ಮಣ್ಣುರಸ್ತೆಗಳಲ್ಲಿ ದಿನವೂ ಓಡಾಡುವ ಕಾರಾದರೆ, ಕೈಪಿಡಿಯಲ್ಲಿ ಹೇಳಿದಷ್ಟು ಕಿಲೋಮೀಟರ್ ಆಗಲಿ ಎಂದು ಕಾಯಬೇಡಿ. ಬೇಸಿಗೆಯ ಕೆಂಪು ಧೂಳು ಫಿಲ್ಟರಿನ ಕಾಗದದ ಮಡಿಕೆಗಳ ಬುಡದಲ್ಲಿ ಕುಂಕುಮದಂತೆ ಕೂತಿರುತ್ತದೆ. ಮೆಲ್ಲಗೆ ಕೊಡವಿ, ಬಿಸಿಲಿಗೆ ಹಿಡಿಯಿರಿ. ಬೆಳಕು ತೂರಿ ಬರದಿದ್ದರೆ ಬದಲಿಸಿ. ಕಾಗದದ ಫಿಲ್ಟರನ್ನು ತೊಳೆಯಲೇಬೇಡಿ. ಗ್ಯಾರೇಜಿನಲ್ಲಿ ಜೋರಾಗಿ ಗಾಳಿ ಹೊಡೆಸುವುದೂ ನನಗೆ ಒಪ್ಪಿಗೆಯಿಲ್ಲ: ಕಾಗದ ಕೂದಲೆಳೆಯಷ್ಟು ಹರಿದರೂ ಧೂಳು ನೇರವಾಗಿ ಎಂಜಿನ್ನಿಗೆ ಹೋಗುತ್ತದೆ.

ಹೊಸದನ್ನು ಕೊಳ್ಳುವಾಗ ಅಂಚಿನ ರಬ್ಬರ್ ಒತ್ತಿ ನೋಡಿ. ಮೆತ್ತಗಿರಬೇಕು, ಕಾರಿನ ಫಿಲ್ಟರ್ ಇಡುವ ಡಬ್ಬಿಯಲ್ಲಿ ಸಂದಿಯಿಲ್ಲದೆ ಕೂರಬೇಕು. ಹಾಕುವ ಮುಂಚೆ ಡಬ್ಬಿಯ ತಳವನ್ನು ಒಣಬಟ್ಟೆಯಿಂದ ಒರೆಸಿ.

ಮಳೆಗಾಲವಿಡೀ ಕೊಟ್ಟಿಗೆಯ ಪಕ್ಕ ನಿಂತ ಕಾರಾದರೆ ಇಲಿ ಗೂಡು ಕಟ್ಟಿದೆಯೇ ಎಂದೂ ನೋಡಿ. ಒಳಗೆ ಅಡಿಕೆ ಸಿಪ್ಪೆ ಸಿಕ್ಕರೆ ಆಶ್ಚರ್ಯಪಡಬೇಡಿ.